ಏಳನೆಯ ಚೀಲ

“ಸಾರ್, ದಪ್ಪದ್ದು ತರ್ಸೋದೋ, ಸಣ್ಣದ್ದು ತರ್ಸೋದೋ?” ಎಂದು ಹಂಸವೇಣಿ ಕೇಳಿದಳು.

ಅವಳು ಕೇಳಿದ್ದು ಸಿಲಿಂಡರಿನ ವಿಚಾರ. ಪಾಲಿಟೆಕ್ನಿಕ್ಕಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು, ರೋಬೋಟ್ ಸ್ಪರ್ಧೆಗೆ ಹೋಗುವ ತಂಡಕ್ಕೆ ಅವಳೇ ನಾಯಕಿ. ಅವರ ರೋಬೋಟಿನ ತೋಳು ಗಾಳಿಯ ಒತ್ತಡದಿಂದ ಏಳಬೇಕು. ಅದಕ್ಕೆ ಬೇಕಾದದ್ದು ನ್ಯೂಮ್ಯಾಟಿಕ್ ಸಿಲಿಂಡರ್. ಅಂದರೆ ಒಂದು ಲೋಹದ ಕೊಳವೆ, ಅದರೊಳಗೆ ಹಿಂದೆ ಮುಂದೆ ಓಡಾಡುವ ಒಂದು ಸರಳು. ಒಂದು ಕಡೆಯಿಂದ ಗಾಳಿ ನುಗ್ಗಿಸಿದರೆ ಸರಳು ಹೊರಗೆ ಬರುತ್ತದೆ, ಇನ್ನೊಂದು ಕಡೆಯಿಂದ ನುಗ್ಗಿಸಿದರೆ ಒಳಗೆ ಹೋಗುತ್ತದೆ. ಕೊಳವೆ ದಪ್ಪವಾದಷ್ಟೂ ಬಲ ಹೆಚ್ಚು, ಗಾಳಿಯ ಖರ್ಚೂ ಹೆಚ್ಚು. ಸಣ್ಣದಾದಷ್ಟೂ ಎರಡೂ ಕಡಿಮೆ.

ಮಾರುವವನು ಸಂಜೆಯೊಳಗೆ ತಿಳಿಸಿ ಎಂದಿದ್ದ. ಒಮ್ಮೆ ತರಿಸಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಿದ್ದ. ಹಂಸವೇಣಿಗೆ ಇದು ಕೊನೆಯ ಸ್ಪರ್ಧೆ, ಮುಂದಿನ ವರ್ಷ ಅವಳು ಇಲ್ಲಿರುವುದಿಲ್ಲ. ಹಾಗಾಗಿ ಅವಳು ವರ್ಕ್‌ಶಾಪಿನ ದೇವೀರಪ್ಪ ಮೇಷ್ಟ್ರ ಹತ್ತಿರ ಬಂದಿದ್ದಳು. ಆ ವಾರ ಅವಳು ಹಾಗೆ ಬಂದದ್ದು ಅದು ಐದನೆಯ ಸಲ. ಸೋಮವಾರ ಚಕ್ರದ ಅಳತೆ ಕೇಳಿದ್ದಳು, ಮಂಗಳವಾರ ಚೈನು, ಬುಧವಾರ ವಾಲ್ವು, ಗುರುವಾರ ಬೋಲ್ಟಿನ ಉದ್ದ. ನಾಲ್ಕಕ್ಕೂ ಮೇಷ್ಟ್ರು ಕೇಳಿದ ಕೂಡಲೇ ಉತ್ತರ ಹೇಳಿದ್ದರು.

ಇವತ್ತು ಹೇಳಲಿಲ್ಲ. ಕೈಯಲ್ಲಿದ್ದ ಕಬ್ಬಿಣ ಉಜ್ಜುವ ಅರವನ್ನು ಕೆಳಗಿಟ್ಟು ಶೆಡ್ಡಿನ ಮೂಲೆಯ ಕಡೆ ನೋಡಿದರು. ಅಲ್ಲಿ ಹಂಸವೇಣಿಯ ಯಂತ್ರ ನಿಂತಿತ್ತು. ಎರವಲು ತಂದ ಹಳೆಯ ಸಿಲಿಂಡರ್ ಹಾಕಿ ಹುಡುಗರು ಅಭ್ಯಾಸ ಮಾಡುತ್ತಿದ್ದರು. ಅದರ ಬೆನ್ನಿನಿಂದ ಒಂದು ಕೆಂಪು ಪೈಪು ಹೊರಟು ಗಾಳಿ ತುಂಬುವ ಕಂಪ್ರೆಸರಿನ ತನಕ ಹೋಗಿತ್ತು. ಯಂತ್ರದ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಹಳೆಯ ಗೆರೆಗಳಿದ್ದವು. ಶೆಡ್ಡಿಗೆ ಸುಣ್ಣ ಹೊಡೆಯುವವರು ಬಂದಾಗಲೆಲ್ಲ ಮೇಷ್ಟ್ರು ಅಷ್ಟು ಜಾಗವನ್ನು ಬಿಡಿಸುತ್ತಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ.

ಕೂತುಕೋ ಎಂದರು. ಕೂರಲು ಹೊತ್ತಿಲ್ಲ, ದಪ್ಪದ್ದೋ ಸಣ್ಣದ್ದೋ ಅಷ್ಟು ಹೇಳಿದರೆ ಸಾಕು ಎಂದಳು. ಹೊತ್ತಿಲ್ಲದವರಿಗೇ ಈ ಕತೆ ಹೇಳುವುದು ಎಂದು ಮೇಷ್ಟ್ರು ಸ್ಟೂಲು ಎಳೆದು ಕೊಟ್ಟರು. ಅವರು ಹೇಳಿದ ಕತೆ ಹೀಗಿತ್ತು.

*

ಒಬ್ಬ ವಿದ್ಯಾರ್ಥಿ ಒಂದು ಯಂತ್ರ ಕಟ್ಟಿದ. ಹತ್ತು ಚೀಲ ಎತ್ತುವ ಯಂತ್ರ. ಒಂದೊಂದು ಚೀಲದಲ್ಲೂ ಮೂರು ಕಿಲೋ ಮರಳು. ಮೂರು ನಿಮಿಷದಲ್ಲಿ ಹತ್ತನ್ನೂ ನೆಲದಿಂದೆತ್ತಿ ಸೊಂಟದೆತ್ತರದ ಹಲಗೆಯ ಮೇಲೆ ಇಡಬೇಕು. ಅದೇ ಸ್ಪರ್ಧೆ.

ಸ್ಪರ್ಧೆಗೆ ಒಂದು ನಿಯಮವಿತ್ತು, ಇವತ್ತಿಗೂ ಇದೆ. ಯಂತ್ರ ತನಗೆ ಬೇಕಾದ ಗಾಳಿಯನ್ನು ತಾನೇ ಹೊತ್ತುಕೊಂಡು ಹೋಗಬೇಕು. ತಂಪು ಪಾನೀಯದ ಎರಡು ದೊಡ್ಡ ಬಾಟಲಿಗಳನ್ನು ಯಂತ್ರದ ಬೆನ್ನಿಗೆ ಕಟ್ಟಿ, ಅವುಗಳಲ್ಲಿ ಗಾಳಿ ತುಂಬಿಸಿಕೊಳ್ಳುತ್ತಿದ್ದರು. ಗಂಟೆ ಹೊಡೆಯುವ ಮೊದಲು ಒಂದು ಸಲ ತುಂಬಿಸಬಹುದು. ಗಂಟೆ ಹೊಡೆದ ಮೇಲೆ ಪೈಪು ಮುಟ್ಟುವಂತಿಲ್ಲ. ಈ ನಿಯಮ ಅವನ ತಂಡದ ನಾಲ್ವರಿಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಶೆಡ್ಡಿನ ಬಾಗಿಲಿಗೇ ಬರೆದು ಅಂಟಿಸಿದ್ದರು.

ಮೊದಲನೆಯ ವರ್ಷ ಆ ವಿದ್ಯಾರ್ಥಿ ಸಿಲಿಂಡರ್ ತರಿಸಲು ಹೊರಟ. ಮಾರುವವನು ಮೂರು ಅಳತೆ ತೋರಿಸಿದ. ಇಪ್ಪತ್ತೈದು ಮಿಲಿಮೀಟರಿನದು, ಮೂವತ್ತೆರಡರದು, ಐವತ್ತರದು. ಯಾವುದು ಸರಿ ಎಂದು ಇವನು ಕೇಳಿದ್ದಕ್ಕೆ, ನನ್ನ ಹತ್ತಿರ ಮೂರೂ ಸರಿಯಾದವೇ ಇರುವುದು, ನಿಮ್ಮ ಕೆಲಸ ಯಾವುದೆಂದು ನೀವು ಹೇಳಬೇಕು ಎಂದ. ವ್ಯಾಪಾರಿಯಾದರೂ ಸುಳ್ಳು ಹೇಳುವ ಮನುಷ್ಯನಲ್ಲ.

ವಿದ್ಯಾರ್ಥಿ ತನ್ನ ಮೇಷ್ಟ್ರ ಹತ್ತಿರ ಹೋದ. ಮೇಷ್ಟ್ರು ಕಬ್ಬಿಣಕ್ಕೆ ಅರ ಉಜ್ಜುತ್ತಿದ್ದರು. ಉಜ್ಜುತ್ತಲೇ, ತಲೆ ಎತ್ತದೆ, ಎತ್ತುವ ಕೆಲಸದಲ್ಲಿ ಬಲ ಕಡಿಮೆಯಾಗಬಾರದು, ಐವತ್ತರದು ಹಾಕು ಎಂದರು. ಉತ್ತರ ಪುಸ್ತಕದ ಪ್ರಕಾರ ಸರಿಯಾಗಿಯೇ ಇತ್ತು.

ಐವತ್ತರದು ಬಂತು. ಯಂತ್ರ ಚೀಲಗಳನ್ನು ಹೂವೆತ್ತಿದ ಹಾಗೆ ಎತ್ತಿತು. ಹುಡುಗರು ಕುಣಿದರು. ಎರಡು ತಿಂಗಳು ಅಭ್ಯಾಸ ಮಾಡಿದರು. ದಿನಕ್ಕೆ ನೂರು ಚೀಲ, ಇನ್ನೂರು ಚೀಲ. ಯಾವತ್ತೂ ತೋಳು ಸೋಲಲಿಲ್ಲ.

ಅಭ್ಯಾಸ ಮಾಡುವಾಗ ಕಂಪ್ರೆಸರಿನ ಪೈಪು ಯಂತ್ರಕ್ಕೆ ಸಿಕ್ಕಿಸಿಯೇ ಇರುತ್ತಿತ್ತು. ಬಿಚ್ಚಿದರೆ ಬಾಟಲಿ ಖಾಲಿಯಾದಾಗ ಮತ್ತೆ ತುಂಬಬೇಕು, ತುಂಬಲು ಎರಡು ನಿಮಿಷ ಬೇಕು. ಆ ಎರಡು ನಿಮಿಷ ಸುಮ್ಮನೆ ದಂಡ ಎನ್ನಿಸಿತು ಅವರಿಗೆ. ಅಷ್ಟರಲ್ಲಿ ಇನ್ನೂ ಹತ್ತು ಚೀಲ ಎತ್ತಬಹುದಲ್ಲ ಎಂದು ಲೆಕ್ಕ ಹಾಕಿದರು. ಶ್ರದ್ಧೆಯಿಂದ ಕೆಲಸ ಮಾಡುವವರೇ ಇಂಥ ತಪ್ಪು ಮಾಡುವುದು. ಸೋಮಾರಿಗಳಾಗಿದ್ದರೆ ಪೈಪು ಬಿಚ್ಚಿ, ತುಂಬುವ ಹೊತ್ತಿನಲ್ಲಿ ಟೀ ಕುಡಿಯಲು ಹೋಗುತ್ತಿದ್ದರು.

ಸ್ಪರ್ಧೆಯ ದಿನ ಬಂತು. ಗಂಟೆ ಹೊಡೆಯಿತು. ಯಂತ್ರ ಆರು ಚೀಲ ಎತ್ತಿತು. ಏಳನೆಯ ಚೀಲ ನೆಲದಿಂದ ಮೇಲೆದ್ದು, ಮೊಣಕಾಲೆತ್ತರದಲ್ಲಿ ನಿಂತು, ಹಾಗೆಯೇ ಕೆಳಗೆ ಕೂತಿತು. ಮತ್ತೆ ಏಳಲಿಲ್ಲ. ಮೂರು ನಿಮಿಷ ಮುಗಿಯುವ ತನಕ ನಾಲ್ಕು ಜನ ಅದನ್ನು ನೋಡುತ್ತಾ ನಿಂತರು.

ಎರಡನೆಯ ವರ್ಷ ವಿದ್ಯಾರ್ಥಿ ಮತ್ತೆ ಮೇಷ್ಟ್ರ ಹತ್ತಿರ ಹೋದ. ದಪ್ಪದ್ದು ಗಾಳಿಯನ್ನೆಲ್ಲ ಕುಡಿದುಬಿಟ್ಟಿತು, ಈ ಸಲ ಇಪ್ಪತ್ತೈದರದು ಹಾಕು ಎಂದು ಮೇಷ್ಟ್ರು ಹೇಳಿದರು. ಅದೂ ಪುಸ್ತಕದ ಪ್ರಕಾರ ಸರಿಯೇ. ಮೇಷ್ಟ್ರಿಗೆ ಉತ್ತರಗಳ ಬರವಿರಲಿಲ್ಲ.

ಸಣ್ಣದ್ದು ಬಂತು. ಶೆಡ್ಡಿನಲ್ಲಿ ಅದೂ ಚೆನ್ನಾಗಿಯೇ ಎತ್ತಿತು. ಪೈಪು ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೆಯೇ ಇತ್ತು. ಬದಲಾದದ್ದು ಸಿಲಿಂಡರ್ ಒಂದೇ. ಎರಡನೆಯ ಸಲ ಸ್ಪರ್ಧೆಯ ಗಂಟೆ ಹೊಡೆಯಿತು. ಆರು ಚೀಲ ಏರಿದವು. ಏಳನೆಯದು ಮೊಣಕಾಲೆತ್ತರದಲ್ಲಿ ನಿಂತು ಕೆಳಗೆ ಕೂತಿತು.

ಹೋದ ವರ್ಷ ನಿಂತಲ್ಲಿಯೇ ಈ ವರ್ಷವೂ ನಿಂತರೆ ಮನುಷ್ಯನಿಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದವನಿಗೆ ಬೈಯಲು ಯಾರಾದರೂ ಬೇಕು. ಹೋದ ವರ್ಷ ಸಿಲಿಂಡರನ್ನು ಬೈದಾಗಿತ್ತು. ಈ ವರ್ಷ ಸಿಲಿಂಡರ್ ಬೇರೆ. ಬೇರೆಯಾಗದೆ ಉಳಿದವಳು ಗುಂಡಿ ಒತ್ತುವ ಹುಡುಗಿ. ಅದೇ ತಂಡದವಳು. ಎರಡು ವರ್ಷವೂ ತೋಳನ್ನು ಏರಿಸುವ, ಇಳಿಸುವ ಗುಂಡಿಗಳು ಅವಳ ಕೈಯಲ್ಲಿದ್ದವು. ತಂಡದ ನಾಯಕನಾಗಿದ್ದ ವಿದ್ಯಾರ್ಥಿ ಯಂತ್ರದ ಕಡೆ ನೋಡಲಿಲ್ಲ, ಅವಳ ಹೆಬ್ಬೆರಳು ನೋಡಿದ. ನಾನೂರು ಜನ ಕೂತಿದ್ದ ಸಭಾಂಗಣದಲ್ಲಿ, ನಿನ್ನ ಕೈ ನಡುಗಿತು, ಅದಕ್ಕೇ ಹೀಗಾಯಿತು ಎಂದು ಗಟ್ಟಿಯಾಗಿ ಹೇಳಿದ. ನಾನು ಸರಿಯಾಗಿಯೇ ಒತ್ತಿದೆ ಎಂದು ಅವಳು ಹೇಳಿದ್ದು ಅವನಿಗೆ ಕೇಳಿಸಲಿಲ್ಲ.

ಮರುದಿನ ಮೇಷ್ಟ್ರು ಏನಾಯಿತೆಂದು ವಿಚಾರಿಸಿದರು. ನಾಯಕ ಅದನ್ನೇ ಹೇಳಿದ. ಇರಬಹುದು, ಅವಳ ಕೈ ಸ್ವಲ್ಪ ನಡುಗುತ್ತದೆ, ನಾನೂ ನೋಡಿದ್ದೇನೆ ಎಂದರು ಮೇಷ್ಟ್ರು. ಅವರು ನೋಡಿದ್ದು ಒಂದೇ ಸಲ. ಒಂದು ಚಳಿಯ ಬೆಳಿಗ್ಗೆ, ಅವಳು ಅಳತೆ ತೆಗೆಯುವಾಗ. ಚಳಿಯಲ್ಲಿ ಯಾರ ಕೈಯಾದರೂ ನಡುಗುತ್ತದೆ. ಆದರೆ ಮೇಷ್ಟ್ರ ಬಾಯಿಂದ ಬಂದ ಮಾತು ಕಾಲೇಜಿನಲ್ಲಿ ನಿಂತಲ್ಲಿ ನಿಲ್ಲುವುದಿಲ್ಲ. ವಾರದೊಳಗೆ ಎಲ್ಲರಿಗೂ ಗೊತ್ತಾಯಿತು. ವರ್ಕ್‌ಶಾಪಿನಲ್ಲಿ ಅವಳು ಲೋಹ ಕಡೆಯುವ ಲೇತಿನ ಹತ್ತಿರ ಹೋದರೆ, ಬಿಡು, ನಾವು ಮಾಡುತ್ತೇವೆ ಎಂದು ಪಕ್ಕದವರು ಅವಳ ಕೈಯಿಂದ ಕೆಲಸ ತೆಗೆದುಕೊಳ್ಳುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ತೆಗೆದುಕೊಳ್ಳುತ್ತಿದ್ದರು. ಲೇತಿನ ಕೆಲಸ ಕಲಿಯಬೇಕೆಂದೇ ಆ ಕಾಲೇಜಿಗೆ ಸೇರಿದ್ದವಳು ಅವಳು. ಶೆಡ್ಡಿಗೆ ಬರುವುದನ್ನು ನಿಲ್ಲಿಸಿದಳು. ಉಳಿದಿಬ್ಬರಿಗೆ ಸೋಲು ಸಾಕಾಗಿತ್ತು, ಅವರೂ ಬಿಟ್ಟರು.

ಮೂರನೆಯ ವರ್ಷ ಶೆಡ್ಡಿನಲ್ಲಿ ಅವನೊಬ್ಬನೇ ಉಳಿದ. ಅದು ಅವನಿಗೆ ಕೊನೆಯ ವರ್ಷ. ಏಳನೆಯ ಚೀಲ ಹಲಗೆಯ ಮೇಲೆ ಕೂರುವುದನ್ನು ನೋಡದೆ ಈ ಕಾಲೇಜು ಬಿಡುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹಟಮಾರಿ. ಎರಡು ಸಲ ಮುಖಭಂಗವಾಗಿದ್ದರೂ ಹಟ ಬಿಟ್ಟಿರಲಿಲ್ಲ. ಆದರೆ ಹಟ ಹಿಡಿದು ಮಾಡುವುದಾದರೂ ಏನೆಂದು ಅವನಿಗೆ ಗೊತ್ತಿರಲಿಲ್ಲ. ದಪ್ಪದ್ದು ಆಗಿತ್ತು, ಸಣ್ಣದ್ದು ಆಗಿತ್ತು. ಈ ಸಲ ಯಾವುದೆಂದು ಮೇಷ್ಟ್ರನ್ನು ಕೇಳೋಣ ಎಂದು ಒಂದು ಬೆಳಿಗ್ಗೆ ಸೈಕಲ್ ಹತ್ತಿ ಹೊರಟ.

ದಾರಿಯಲ್ಲಿ ಸೈಕಲ್ಲಿನ ಗಾಳಿ ಹೋಯಿತು. ಪಂಕ್ಚರ್ ಅಂಗಡಿಯ ತನಕ ತಳ್ಳಿಕೊಂಡು ಹೋದ. ಆ ಅಂಗಡಿ ನಡೆಸುತ್ತಿದ್ದವಳು ಒಬ್ಬ ವಯಸ್ಸಾದ ಹೆಂಗಸು. ಅವಳು ಟ್ಯೂಬಿಗೆ ತೇಪೆ ಹಾಕಿ, ಚಕ್ರ ಕೂರಿಸಿ, ಗಾಳಿ ತುಂಬಿದಳು. ಟೈರು ಕಲ್ಲಿನ ಹಾಗೆ ಗಟ್ಟಿಯಾಯಿತು. ಇವನು ಸೈಕಲ್ ತೆಗೆದುಕೊಳ್ಳಲು ಕೈ ಚಾಚಿದ. ಅವಳು ಕೊಡಲಿಲ್ಲ. ಪೈಪು ಕಿತ್ತು ಪಕ್ಕಕ್ಕೆಸೆದು, ಬೆರಳಿಗೆ ಎಂಜಲು ಹಚ್ಚಿ, ಗಾಳಿ ತುಂಬುವ ಬಾಯಿಗೆ ಒತ್ತಿ, ಗುಳ್ಳೆ ಬರುತ್ತದೋ ಇಲ್ಲವೋ ಎಂದು ನೋಡುತ್ತಾ ಕೂತಳು. ಗುಳ್ಳೆ ಬರಲಿಲ್ಲ. ಆದರೂ ಏಳಲಿಲ್ಲ.

ಇವನಿಗೆ ಅವಸರ. ತುಂಬುವಾಗಲೇ ಗಟ್ಟಿಯಾಗಿತ್ತಲ್ಲ, ಇನ್ನೇನು ನೋಡುತ್ತೀರಿ ಎಂದ.

“ಪೈಪ್ ಹಾಕಿದಾಗ ಎಲ್ಲಾ ಟ್ಯೂಬೂ ಗಟ್ಟೀನೇ ಕಣಪ್ಪ,” ಎಂದಳು ಅವಳು. “ತೆಗೆದ್ಮೇಲೆ ತಾನೆ ಗೊತ್ತಾಗೋದು.”

ಇವನು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ಅಲ್ಲಿಯೇ ನಿಂತ. ಎಷ್ಟು ಹೊತ್ತು ನಿಂತನೋ, ಏನು ಹುಷಾರಿಲ್ಲವೇ ಎಂದು ಅವಳೇ ಕೇಳಬೇಕಾಯಿತು. ಆಮೇಲೆ ಸೈಕಲ್ ಹತ್ತಿ ನೇರವಾಗಿ ಶೆಡ್ಡಿಗೆ ಬಂದ. ಯಂತ್ರದ ಮೇಲೆ ಒಂದು ವರ್ಷದ ಧೂಳಿತ್ತು. ಒರೆಸಲಿಲ್ಲ. ಬಾಟಲಿಗಳಿಗೆ ಗಾಳಿ ತುಂಬಿ, ಶೆಡ್ಡಿನ ಅಭ್ಯಾಸದಲ್ಲಿ ಎರಡು ವರ್ಷಕ್ಕೆ ಮೊದಲ ಸಲ ಕೆಂಪು ಪೈಪನ್ನು ಬಿಚ್ಚಿದ.

ಒಂದೊಂದು ಚೀಲ ಏರಿದಾಗಲೂ ಇದ್ದಿಲಿನಿಂದ ಗೋಡೆಯ ಮೇಲೆ ಒಂದು ಗೆರೆ ಎಳೆದ. ಆರು ಗೆರೆ ಆದವು. ಏಳನೆಯ ಚೀಲ ಮೊಣಕಾಲೆತ್ತರದಲ್ಲಿ ನಿಂತಿತು. ಎರಡು ತಾಸು ಕೂತು ಸಣ್ಣ ಸಿಲಿಂಡರ್ ಬಿಚ್ಚಿ, ಹಳೆಯ ದಪ್ಪದ್ದನ್ನು ಹಾಕಿದ. ಮತ್ತೆ ತುಂಬಿದ, ಮತ್ತೆ ಪೈಪು ಬಿಚ್ಚಿದ. ಆರು ಗೆರೆ. ಏಳನೆಯದು ಮೊಣಕಾಲೆತ್ತರದಲ್ಲಿ ನಿಂತಿತು. ಅವನಿಗೆ ನಗು ಬಂತು. ಒಬ್ಬನೇ ಗಟ್ಟಿಯಾಗಿ ನಕ್ಕ. ನಿಜವಾಗಿ ಸಂತೋಷವಾಗಿತ್ತು ಅವನಿಗೆ. ಎರಡು ವರ್ಷ ದೂರದ ಊರಿನಲ್ಲಿ, ನಾನೂರು ಜನರ ಮುಂದೆ ಮಾತ್ರ ಸಿಗುತ್ತಿದ್ದ ಸೋಲು ಈಗ ತನ್ನ ಶೆಡ್ಡಿಗೇ ಬಂದು, ಕರೆದಾಗಲೆಲ್ಲ ಕೈಗೆ ಸಿಗುತ್ತಿತ್ತು. ದಪ್ಪದ್ದು ಗಾಳಿ ಕುಡಿದು ನಿಲ್ಲುತ್ತಿತ್ತು. ಸಣ್ಣದ್ದು, ಒತ್ತಡ ಇಳಿದ ಮೇಲೆ ತಳ್ಳುವ ಶಕ್ತಿ ಸಾಲದೆ ನಿಲ್ಲುತ್ತಿತ್ತು. ನಿಲ್ಲುವ ಜಾಗ ಮಾತ್ರ ಒಂದೇ.

ನಗು ನಿಂತ ಮೇಲೆ ಇನ್ನೊಂದು ವಿಷಯ ನೆನಪಾಯಿತು. ಇವತ್ತು ಗುಂಡಿ ಒತ್ತಿದ್ದು ತಾನು. ತನ್ನ ಕೈ ನಡುಗಿರಲಿಲ್ಲ.

ಆ ಮಧ್ಯಾಹ್ನವೇ ಅವನು ಆ ಹುಡುಗಿಯ ಮನೆಗೆ ಹೋದ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಏಳನೆಯ ಚೀಲ ನಿನ್ನ ತಪ್ಪಲ್ಲ, ನಾನು ಹೇಳಿದ್ದು ತಪ್ಪು, ದೊಡ್ಡ ತಪ್ಪು ಎಂದ. ಅವಳು ಕೊನೆಯ ತನಕ ಕೇಳಿಸಿಕೊಂಡಳು. ಅಳಲಿಲ್ಲ, ಬೈಯಲೂ ಇಲ್ಲ.

“ಅವತ್ತು ಎಲ್ಲರ ಮುಂದೆ ಹೇಳಿದ್ದೆ,” ಎಂದಳು. “ಇವತ್ತು ನನ್ನೊಬ್ಬಳ ಮುಂದೆ ಹೇಳ್ತಿದೀಯ.”

ಅವನು ಮರುದಿನ ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಎಲ್ಲರೂ ಸೇರಿದ್ದಾಗ ಮೋಟರುಗಳನ್ನು ನಿಲ್ಲಿಸಿ ಎಂದು ಕೇಳಿಕೊಂಡ. ನಿಲ್ಲಿಸಿದರು. ಅರವತ್ತು ಜನರ ಮುಂದೆ ಆ ಹುಡುಗಿಯ ಹೆಸರು ಹೇಳಿ, ಅವಳ ಕೈ ನಡುಗಲಿಲ್ಲ, ಅವಳು ಸರಿಯಾಗಿಯೇ ಒತ್ತಿದ್ದಳು, ಬಾಟಲಿಯಲ್ಲಿ ಗಾಳಿ ಮುಗಿದಿತ್ತು, ಅದನ್ನು ನೋಡದೆ ನಾನು ಅವಳ ಹೆಸರು ಕೆಡಿಸಿದೆ ಎಂದ. ಅವರ ಮೇಷ್ಟ್ರೂ ಅಲ್ಲೇ ಇದ್ದರು. ನಾನೂ ಹಾಗೆ ಹೇಳಿದ್ದು ತಪ್ಪು ಎಂದು ಅವರು ಅವತ್ತು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ತಲೆ ಬಗ್ಗಿಸಿಕೊಂಡು ಅರ ಉಜ್ಜುತ್ತಲೇ ಇದ್ದರು. ಎಲ್ಲ ಯಂತ್ರಗಳೂ ನಿಂತಿದ್ದರಿಂದ ಅದೊಂದೇ ಸದ್ದು ಕೇಳುತ್ತಿತ್ತು.

ಆ ಸಂಜೆ ಹುಡುಗಿ ಶೆಡ್ಡಿಗೆ ಬಂದಳು. ಕ್ಷಮಿಸಿದ್ದೇನೆ ಎಂದೇನೂ ಹೇಳಲಿಲ್ಲ. ಗುಂಡಿಗಳಿದ್ದ ಪೆಟ್ಟಿಗೆ ಎತ್ತಿಕೊಂಡು, ಪೈಪು ಬಿಚ್ಚು ಎಂದಳು. ತಾನೇ ಒತ್ತಿ ನೋಡಬೇಕಿತ್ತು ಅವಳಿಗೆ. ಆರು ಏರಿದವು, ಏಳನೆಯದು ನಿಂತಿತು. ಮತ್ತೆ ತುಂಬಿಸು ಎಂದಳು. ಎರಡು ನಿಮಿಷ ಕಾದರು. ಈ ಸಲ ಅವಳು ಚೀಲಗಳನ್ನು ನೋಡಲಿಲ್ಲ, ಒತ್ತಡ ತೋರಿಸುವ ಮುಳ್ಳನ್ನು ನೋಡುತ್ತಾ ಒತ್ತಿದಳು. ನಾಲ್ಕನೆಯ ಚೀಲಕ್ಕೆ ನಿಲ್ಲಿಸಿಬಿಟ್ಟಳು. ತೋಳು ಏಳುವಾಗ ಮುಳ್ಳು ಎಷ್ಟು ಇಳಿಯುತ್ತದೋ, ತೋಳು ಕೆಳಗಿಳಿಯುವಾಗಲೂ ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತಿದೆ ಎಂದು ತೋರಿಸಿದಳು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಏರುವಾಗ ತೋಳಿನ ಮೇಲೆ ಚೀಲ ಇರುತ್ತದೆ. ಇಳಿಯುವಾಗ ಏನೂ ಇರುವುದಿಲ್ಲ. ಹೊತ್ತು ತಂದ ಗಾಳಿಯಲ್ಲಿ ಅರ್ಧವನ್ನು ಯಂತ್ರ ಎರಡು ವರ್ಷವೂ ತನ್ನ ಬರಿಗೈ ಕೆಳಗಿಳಿಸಿಕೊಳ್ಳುವುದಕ್ಕೆ ಸುರಿದಿತ್ತು. ಬಿಟ್ಟರೆ ತನ್ನ ಭಾರಕ್ಕೆ ತಾನೇ ಬೀಳುವ ತೋಳು ಅದು. ಪೈಪು ಸಿಕ್ಕಿಸಿದ್ದಾಗ ಇದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಆಗ ಮುಳ್ಳು ಇಳಿಯುತ್ತಲೇ ಇರಲಿಲ್ಲವಲ್ಲ.

ಇಳಿಸುವ ಕಡೆಯ ಗಾಳಿಯನ್ನು ತೆಗೆದುಹಾಕಿದರು. ತೋಳು ದಡಾರನೆ ಬಿದ್ದು ಬುಡದ ಕೀಲು ಮುರಿಯಿತು. ಹೊಸ ಕೀಲು ಮಾಡಬೇಕಾಯಿತು. ಲೇತಿನಲ್ಲಿ ಅದನ್ನು ಕಡೆದವಳು ಆ ಹುಡುಗಿ. ಬಿಡು, ನಾವು ಮಾಡುತ್ತೇವೆ ಎಂದು ಈ ಸಲ ಯಾರೂ ಅಡ್ಡ ಬರಲಿಲ್ಲ. ತೋಳು ಬೀಳುವಾಗ ಸಿಲಿಂಡರಿನೊಳಗಿನ ಗಾಳಿ ಹೊರಗೆ ಹೋಗುವ ತೂತಿಗೆ ಒಂದು ತಿರುಪು ಹಾಕಿ ಕಿರಿದು ಮಾಡಿದರು. ತೋಳು ನಿಧಾನವಾಗಿ ಇಳಿಯತೊಡಗಿತು. ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದರು. ಎರಡು ಕಡೆ ಗುಳ್ಳೆ ಬಂತು, ಬಿಗಿ ಮಾಡಿದರು.

ಆಮೇಲೆ ಸಿಲಿಂಡರ್ ಆರಿಸಲು ಕೂತರು. ಹಾಲಿನ ಡೇರಿಯಲ್ಲಿ ಕಳಚಿ ಹಾಕಿದ್ದ ಹಳೆಯ ಪ್ಯಾಕಿಂಗ್ ಯಂತ್ರದಿಂದ ಮೂವತ್ತೆರಡರದೊಂದನ್ನು ಕೇಳಿ ತಂದರು. ಮೂರನ್ನೂ ಒಂದಾದ ಮೇಲೊಂದು ಹಾಕಿ, ಪೈಪು ಬಿಚ್ಚಿ, ಗೋಡೆಯ ಮೇಲೆ ಗೆರೆ ಎಳೆದರು. ದಪ್ಪದ್ದು ಹತ್ತು ಎತ್ತಿತು, ಹತ್ತನೆಯದರಲ್ಲಿ ತಿಣುಕಿತು. ಸಣ್ಣದ್ದು ಹನ್ನೆರಡು ಎತ್ತಿತಾದರೂ, ಚೀಲ ಸ್ವಲ್ಪ ಓರೆಯಾಗಿ ಕೂತರೆ ಮಧ್ಯದಲ್ಲೇ ಅಳುಕುತ್ತಿತ್ತು. ಮೂವತ್ತೆರಡರದು ಹದಿನೈದು ಎತ್ತಿತು, ಚೀಲ ಹೇಗೆ ಕೂತಿದ್ದರೂ ಎತ್ತಿತು. ಒಂದು ದಿನ ನೋಡಿ ನಂಬಲಿಲ್ಲ. ಹದಿನೆಂಟು ದಿನ ನೋಡಿದರು. ಪ್ರತಿ ಸಲವೂ ತುಂಬಲು ಎರಡು ನಿಮಿಷ ಕಾದರು. ಆ ಎರಡು ನಿಮಿಷದಲ್ಲಿ ಮೊದಮೊದಲು ಇಬ್ಬರೂ ಮಾತಾಡುತ್ತಿರಲಿಲ್ಲ. ಆಮೇಲಾಮೇಲೆ ಮಾತಾಡತೊಡಗಿದರು.

ಸ್ಪರ್ಧೆಯ ದಿನ ಮತ್ತೆ ಅದೇ ಸಭಾಂಗಣ. ಗಂಟೆ ಹೊಡೆಯಿತು. ಅವಳು ಒತ್ತುತ್ತಾ ಪ್ರತಿ ಚೀಲಕ್ಕೂ ಗಟ್ಟಿಯಾಗಿ ಎಣಿಸುತ್ತಾ ಹೋದಳು. ಆರು ಎಂದಳು. ಏಳನೆಯ ಚೀಲ ನೆಲ ಬಿಟ್ಟಿತು, ಮೊಣಕಾಲೆತ್ತರಕ್ಕೆ ಬಂತು, ನಿಲ್ಲಲಿಲ್ಲ, ಹಲಗೆಯ ಮೇಲೆ ಕೂತಿತು. ನಾಯಕನ ಕಣ್ಣಲ್ಲಿ ನೀರು ಬಂದು ಎಂಟನೆಯದು ಅವನಿಗೆ ಕಾಣಿಸಲಿಲ್ಲ. ಹತ್ತೂ ಏರಿದವು. ಇನ್ನೂ ಎಂಟು ಸೆಕೆಂಡು ಉಳಿದಿತ್ತು. ಎತ್ತಲು ಚೀಲವಿರಲಿಲ್ಲ. ಅವಳು ಹನ್ನೊಂದನೆಯ ಸಲ ಗುಂಡಿ ಒತ್ತಿದಳು. ಬರಿದಾದ ತೋಳು ಪೂರ್ತಿ ಮೇಲೆದ್ದು ನಿಂತಿತು. ಜನ ನಕ್ಕರು. ಯಾಕೆ ಒತ್ತಿದಳೆಂದು ಅವರಿಗೇನು ಗೊತ್ತು. ಇವನಿಗೆ ಗೊತ್ತಿತ್ತು, ಬಾಟಲಿಯಲ್ಲಿ ಇನ್ನೂ ಗಾಳಿ ಉಳಿದಿತ್ತು.

ಬಹುಮಾನ ಇನ್ನೊಂದು ತಂಡಕ್ಕೆ ಹೋಯಿತು. ಅವರ ಯಂತ್ರ ಇವರದಕ್ಕಿಂತ ಹತ್ತು ಸೆಕೆಂಡು ಬೇಗ ಮುಗಿಸಿತ್ತು. ಇವರು ಎರಡನೆಯವರು. ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು, ಮಧ್ಯೆ ಆ ಗುಂಡಿಗಳ ಪೆಟ್ಟಿಗೆ ಇಟ್ಟುಕೊಂಡು ಬಂದರು.

*

ದೇವೀರಪ್ಪನವರು ಕತೆ ನಿಲ್ಲಿಸಿ ಅರವನ್ನು ಮತ್ತೆ ಕೈಗೆತ್ತಿಕೊಂಡರು. ಆದರೆ ಉಜ್ಜಲಿಲ್ಲ.

ಹಂಸವೇಣಿ ಕತೆಯನ್ನು ಗಮನವಿಟ್ಟೇ ಕೇಳಿದ್ದಳು. ಮಧ್ಯೆ ಒಮ್ಮೆ ಅಂಗೈ ಮೇಲೆ ಪೆನ್ನಿನಲ್ಲಿ ಏನೋ ಬರೆದುಕೊಂಡೂ ಇದ್ದಳು. ಈಗ ಎದ್ದು ನಿಂತಳು. ಹೊರಗೆ ಬಿಸಿಲು ಇಳಿಯುತ್ತಿತ್ತು, ಮಾರುವವನಿಗೆ ಫೋನು ಮಾಡಲು ಇನ್ನು ಹೆಚ್ಚು ಹೊತ್ತಿರಲಿಲ್ಲ. ಅವಳು ಫೋನು ತೆಗೆದು, ನಂಬರು ಹುಡುಕುತ್ತಾ, ಬಾಗಿಲ ತನಕ ಹೋಗಿ ತಿರುಗಿ ನಿಂತಳು.

“ಹಾಗಾದ್ರೆ ನಮಗೂ ಮೂವತ್ತೆರಡರದೇ ಸರಿ, ಅಲ್ವಾ ಸಾರ್?”

ಮೇಷ್ಟ್ರು ಗೋಡೆಯ ಮೇಲಿನ ಗೆರೆಗಳ ಕಡೆ ನೋಡಿದರು. ಆಮೇಲೆ ಅವಳ ಯಂತ್ರದ ಬೆನ್ನಿಗೆ ಸಿಕ್ಕಿಸಿದ್ದ ಕೆಂಪು ಪೈಪನ್ನು ನೋಡಿದರು.

“ಆ ವರ್ಷ ಅವನು ನನ್ನನ್ನ ಕೇಳೋಕೆ ಬರ್ಲೇ ಇಲ್ಲ ಕಣಮ್ಮ,” ಎಂದರು.

ಹಂಸವೇಣಿ ಫೋನು ಒಳಗಿಟ್ಟು, ಯಂತ್ರದ ಹತ್ತಿರ ಹೋಗಿ ಕೆಂಪು ಪೈಪನ್ನು ಬಿಚ್ಚಿದಳು.